ಕಿಟ್ ಬಿಯರ್ ಸ್ಟ್ರಾಂಗ್ ಆಗಬೇಕೆ? ಸಕ್ಕರೆಯೋ, ಮಾಲ್ಟೋ, ಕಡಿಮೆ ನೀರೋ

ಡಬ್ಬಿಯ ಪಾಕಕ್ಕೆ ಸಕ್ಕರೆ, ನೀರು, ಈಸ್ಟ್ ಸೇರಿಸಿ ಮನೆಯಲ್ಲೇ ಮಾಡಿದ ನನ್ನ ಮೊದಲ ಕಿಟ್ ಬಿಯರ್ ತೆರೆದ ದಿನ ಗೆಳೆಯನೊಬ್ಬ ಅರ್ಧ ಗ್ಲಾಸ್ ಕುಡಿದು, "ಚೆನ್ನಾಗಿದೆ ಗುರು, ಆದ್ರೆ ಏನೂ ಹತ್ತಲ್ವಲ್ಲ" ಅಂದ. ತಪ್ಪು ಅವನದಲ್ಲ. ನಮ್ಮೂರಲ್ಲಿ 'ಸ್ಟ್ರಾಂಗ್' ಅಂತ ಬರೆದ ಬಾಟಲಿಯಲ್ಲಿ ಆಲ್ಕೋಹಾಲ್ ಶೇಕಡ 5ಕ್ಕಿಂತ ಜಾಸ್ತಿ ಇರುತ್ತದೆ, 8ರವರೆಗೂ ಹೋಗುತ್ತದೆ. ಇಲ್ಲಿ ಇಂಗ್ಲೆಂಡಿನ ಅಂಗಡಿಯಲ್ಲಿ ಸಿಗುವ ಒಂದು ಡಬ್ಬಿಯ ಕಿಟ್ ಕೊಡುವುದು 4ರ ಆಸುಪಾಸು.

ಮುಂದಿನ ಸಲ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಅರ್ಧ ಕೆಜಿ ಸಕ್ಕರೆ ಜಾಸ್ತಿ ಸುರಿದೆ. ಬಿಯರ್ ಹತ್ತಿತು. ಆದರೆ ಬಾಯಲ್ಲಿ ನಿಲ್ಲಲಿಲ್ಲ. ನಾಲಿಗೆಗೆ ತೆಳು, ಗಂಟಲಿಗೆ ಖಾರ. ಅಲ್ಲಿಂದ ಶುರುವಾದ ಪ್ರಯೋಗ ಈಗ ಎಷ್ಟೋ ಬಕೆಟ್ ದಾಟಿದೆ. ಯಾವ ದಾರಿಯಲ್ಲಿ ಏನು ಸಿಗುತ್ತದೆ, ಏನು ಕಳೆದುಕೊಳ್ಳುತ್ತೇವೆ ಅನ್ನೋದನ್ನು ಲೆಕ್ಕ ಸಮೇತ ಬರೆಯುತ್ತಿದ್ದೇನೆ.

ಊರಲ್ಲಿ ಕೂತು ಓದುತ್ತಿರುವವರಿಗೆ ಮೊದಲೇ ಒಂದು ಮಾತು. ಬ್ರಿಟನ್ನಿನಲ್ಲಿ ಮನೆ ಬಳಕೆಗೆ ಬಿಯರ್ ಮಾಡಲು 1963ರಿಂದ ಲೈಸೆನ್ಸ್ ಬೇಕಿಲ್ಲ. ಮಾರುವಂತಿಲ್ಲ, ಅಷ್ಟೇ. ಕರ್ನಾಟಕದಲ್ಲಿ ಹಾಗಿಲ್ಲ. 1965ರ ಅಬಕಾರಿ ಕಾಯ್ದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ಮನೆಯಲ್ಲಿ ಮದ್ಯ ತಯಾರಿಸುವುದು ಅಪರಾಧ. ಹಾಗಾಗಿ ಇದು ಕಾನೂನು ಅಡ್ಡ ಬರದ ದೇಶಗಳಲ್ಲಿ ಇರುವವರಿಗೆ.

ಡಬ್ಬಿಯೊಳಗೆ ಏನಿದೆ?

ಡಬ್ಬಿ ತೆರೆದರೆ ಕಾಣುವುದು ಥೇಟ್ ಮಲೆನಾಡಿನ ಜೋನಿ ಬೆಲ್ಲ. ಅದೇ ಬಣ್ಣ, ಅದೇ ಅಂಟು, ಚಮಚ ಎತ್ತಿದರೆ ಅದೇ ಸೋಮಾರಿ ಎಳೆ. ಬಾರ್ಲಿ ಮೊಳಕೆ ಬರಿಸಿ, ಒಣಗಿಸಿ (ಇದೇ ಮಾಲ್ಟ್), ಬಿಸಿನೀರಲ್ಲಿ ಅದರ ಸಿಹಿ ಬಿಡಿಸಿ, ಆ ನೀರನ್ನು ಗಟ್ಟಿಯಾಗುವವರೆಗೆ ಇಂಗಿಸಿದ ಪಾಕ ಅದು. ಹಾಪ್ಸ್ ಅನ್ನುವ ಹೂವಿನ ಕಹಿಯನ್ನೂ ಆಗಲೇ ಬೆರೆಸಿರುತ್ತಾರೆ. ಈ ಕಹಿ ವಿಷಯ ನೆನಪಿಡಿ, ಆಮೇಲೆ ಬೇಕಾಗುತ್ತದೆ.

ಸಾಮಾನ್ಯ ಕಿಟ್‌ನಲ್ಲಿ 1.7 ಕೆಜಿ ಪಾಕ ಇರುತ್ತದೆ. ಜೊತೆಗೆ 1 ಕೆಜಿ ಸಕ್ಕರೆ ಹಾಕಿ, ನೀರು ಸೇರಿಸಿ 23 ಲೀಟರ್ ಮಾಡಿ ಅಂತ ಚೀಟಿಯಲ್ಲಿ ಬರೆದಿರುತ್ತದೆ. ಇಲ್ಲಿಯವರ ಲೆಕ್ಕದಲ್ಲಿ ಅದು 40 ಪಿಂಟ್.

ಲೆಕ್ಕ ಬಹಳ ಸುಲಭ. ದ್ರವ ಎಷ್ಟು ಗಟ್ಟಿ ಅಂತ ಅಳೆಯುವ ಹೈಡ್ರೋಮೀಟರ್ ಬರೀ ನೀರಿಗೆ 1.000 ತೋರಿಸುತ್ತದೆ; 1.039 ತೋರಿಸಿದರೆ 39 ಪಾಯಿಂಟ್ ಅನ್ನೋಣ. 1 ಕೆಜಿ ಸಕ್ಕರೆಯನ್ನು 1 ಲೀಟರ್ ದ್ರಾವಣದ ಲೆಕ್ಕಕ್ಕೆ ಹಿಡಿದರೆ ಸುಮಾರು 384 ಪಾಯಿಂಟ್. ಮಾಲ್ಟ್ ಪುಡಿ ಆದರೆ 365ರ ಹತ್ತಿರ. ಡಬ್ಬಿಯ ಪಾಕದಲ್ಲಿ ನೀರಿನಂಶ ಇರುವುದರಿಂದ 300. ಎಲ್ಲ ಕೂಡಿಸಿ, ನಿಮ್ಮ ಬಕೆಟ್ಟಿನ ಲೀಟರ್‌ನಿಂದ ಭಾಗಿಸಿ. ಮೇಲಿನ ಕಿಟ್‌ಗೆ 510 ಮತ್ತು 384, ಒಟ್ಟು 894. 23ರಿಂದ ಭಾಗಿಸಿದರೆ 39.

ಸಿಹಿ ತಿಂದು ಆಲ್ಕೋಹಾಲ್ ಮಾಡುವ ಈಸ್ಟ್ ಸಕ್ಕರೆಯನ್ನು ಪೂರ್ತಿ ತಿಂದು ಮುಗಿಸುತ್ತದೆ. ಮಾಲ್ಟ್‌ನಲ್ಲಿ ಮುಕ್ಕಾಲು ಪಾಲು ತಿಂದು ಉಳಿದದ್ದನ್ನು ಬಿಡುತ್ತದೆ. ಬಿಯರ್ ಬಾಯಿ ತುಂಬಿದಂತೆ ಅನಿಸುವುದು ಈ ಉಳಿದ ಕಾಲು ಭಾಗದಿಂದ. ಈ ಒಂದು ವ್ಯತ್ಯಾಸ ತಲೆಯಲ್ಲಿ ಕೂತರೆ ಮುಂದಿನದೆಲ್ಲ ಸಲೀಸು.

39 ಪಾಯಿಂಟ್‌ನಿಂದ ಶುರುವಾಗಿ, ಈಸ್ಟ್ ತಿಂದು ಮುಗಿಸಿದ ಮೇಲೆ 7ಕ್ಕೆ ಇಳಿದರೆ ವ್ಯತ್ಯಾಸ 32. ಅದನ್ನು 0.131ರಿಂದ ಗುಣಿಸಿ. ಶೇಕಡ 4.2 ಆಲ್ಕೋಹಾಲ್. ಇನ್ನು ಮೇಲೆ ಬರುವ ಅಂಕಿಗಳೆಲ್ಲ ಇದೇ ಲೆಕ್ಕದವು. ನಿಮ್ಮ ಈಸ್ಟ್, ನಿಮ್ಮ ಮನೆಯ ಚಳಿ ನೋಡಿಕೊಂಡು ಸ್ವಲ್ಪ ಆಚೀಚೆ ಆಗುತ್ತದೆ.

ಸಕ್ಕರೆ: ಅಗ್ಗ, ಆದರೆ ಪೂರ್ತಿ ಕೆಟ್ಟದ್ದೇನಲ್ಲ

23 ಲೀಟರ್‌ಗೆ 500 ಗ್ರಾಂ ಸಕ್ಕರೆ ಜಾಸ್ತಿ ಹಾಕಿದರೆ ಸುಮಾರು ಶೇಕಡ 1.1 ಏರುತ್ತದೆ. 4.2 ಇದ್ದದ್ದು 5.3 ಆಯಿತು. ಇದಕ್ಕಿಂತ ಅಗ್ಗದ ದಾರಿ ಇಲ್ಲ.

ಆದರೆ ಈಸ್ಟ್ ಏನನ್ನೂ ಉಳಿಸುವುದಿಲ್ಲ ಅಂದೆನಲ್ಲ, ಹಾಗಾಗಿ ಆಲ್ಕೋಹಾಲ್ ಮಾತ್ರ ಏರುತ್ತದೆ. ಬಣ್ಣ, ಕಹಿ, ಮಾಲ್ಟ್‌ನ ರುಚಿ ಇದ್ದಲ್ಲೇ ಇರುತ್ತವೆ. ಸಾರಿಗೆ ಖಾರದ ಪುಡಿ ಮಾತ್ರ ಜಾಸ್ತಿ ಹಾಕಿ ಬೇಳೆ ಹಾಕದೆ ಬಿಟ್ಟ ಹಾಗೆ. ಸಾಮಾನ್ಯ ಕಿಟ್‌ನಲ್ಲಿ ಮೊದಲೇ ನೂರಕ್ಕೆ 40 ಪಾಯಿಂಟ್‌ಗೂ ಮೇಲೆ ಸಕ್ಕರೆಯಿಂದ ಬರುತ್ತಿದೆ. ಇನ್ನೂ ಸುರಿದರೆ ಅದು ಬಿಯರೋ, ಬಿಯರ್ ವಾಸನೆಯ ಇನ್ನೇನೋ ಅನ್ನುವ ಹಂತಕ್ಕೆ ಬರುತ್ತದೆ.

ಹಾಗಂತ ಸಕ್ಕರೆ ಮುಟ್ಟಲೇಬಾರದು ಅನ್ನುವವರ ಮಾತನ್ನೂ ನಂಬಬೇಡಿ. ಬೆಲ್ಜಿಯಂನವರು ತಮ್ಮ ಟ್ರಿಪೆಲ್ ಬಿಯರಿಗೆ ಸಕ್ಕರೆ ಹಾಕಿಯೇ ಮಾಡುತ್ತಾರೆ. ವೆಸ್ಟ್‌ಮಾಲೆ ಟ್ರಿಪೆಲ್ ಶೇಕಡ 9.5. ಸಕ್ಕರೆ ಇರುವುದಕ್ಕೇ ಅದು ಅಷ್ಟು ಸ್ಟ್ರಾಂಗ್ ಆದರೂ ಅಂಟಂಟಾಗದೆ ಸರಾಗವಾಗಿ ಇಳಿಯುತ್ತದೆ. ಗುಟ್ಟು ಪ್ರಮಾಣದಲ್ಲಿದೆ. ಒಟ್ಟು ಪಾಯಿಂಟ್‌ಗಳಲ್ಲಿ ಸಕ್ಕರೆಯ ಪಾಲು ಐದರಲ್ಲೊಂದು ದಾಟದಂತೆ ನೋಡಿಕೊಂಡರೆ ಅದು ಅಡ್ಡಿ ಮಾಡುವುದಿಲ್ಲ.

ಬ್ರೂಯಿಂಗ್ ಶುಗರ್ ಅಂತ ಬೇರೆ ಪ್ಯಾಕೆಟ್ ಮಾರುತ್ತಾರೆ. ಅದು ಗ್ಲೂಕೋಸ್. ಅಡುಗೆಮನೆಯ ಸಕ್ಕರೆಗಿಂತ ಸ್ವಲ್ಪ ಕಡಿಮೆ ಪಾಯಿಂಟ್ ಕೊಡುತ್ತದೆ, ಬೆಲೆ ಜಾಸ್ತಿ. ಗ್ಲಾಸಿನಲ್ಲಿ ವ್ಯತ್ಯಾಸ ನನಗಂತೂ ಗೊತ್ತಾಗಿಲ್ಲ.

ಬೆಲ್ಲಕ್ಕೆ ಮಾತ್ರ ನಾನು ಪಕ್ಷಪಾತಿ. ಇಲ್ಲಿನ ಇಂಡಿಯನ್ ಅಂಗಡಿಗಳಲ್ಲಿ ಅಚ್ಚು ಬೆಲ್ಲ ಸುಲಭವಾಗಿ ಸಿಗುತ್ತದೆ. ಅದೂ ಬಹುಪಾಲು ಸಕ್ಕರೆಯೇ, ಹಾಗಾಗಿ ಆಲ್ಕೋಹಾಲ್ ಲೆಕ್ಕ ಹೆಚ್ಚುಕಡಿಮೆ ಅದೇ. ಆದರೆ ಸಿಹಿ ಹೋದ ಮೇಲೂ ಒಂದು ಸುಟ್ಟ ಕಬ್ಬಿನ ಘಮ ಉಳಿಯುತ್ತದೆ. ಕಪ್ಪು ಸ್ಟೌಟ್‌ಗೆ ಅದು ಹೇಳಿ ಮಾಡಿಸಿದ ಜೋಡಿ. ತೆಳು ಬಣ್ಣದ ಲಾಗರ್‌ಗೆ ಹಾಕಬೇಡಿ, ವಿಚಿತ್ರವಾಗಿರುತ್ತದೆ. ಪಾಯಸಕ್ಕೆ ಮಾಡುವ ಹಾಗೆಯೇ ನೀರಲ್ಲಿ ಕರಗಿಸಿ, ಕುದಿಸಿ, ಶೋಧಿಸಿ ಹಾಕಬೇಕು. ಶೋಧಿಸದಿದ್ದರೆ ಕಬ್ಬಿನ ಸಿಪ್ಪೆ, ಮರಳು ಎಲ್ಲ ಬಕೆಟ್ ತಳದಲ್ಲಿ.

ಮಾಲ್ಟ್ ಪುಡಿ: ಸರಿಯಾದ ದಾರಿ, ಆದರೆ ಒಂದು ಮೋಸ ಇದೆ

ಇದನ್ನು ಇಲ್ಲಿ ಸ್ಪ್ರೇಮಾಲ್ಟ್ ಅನ್ನುತ್ತಾರೆ. ಪಾಕದ ನೀರನ್ನೆಲ್ಲ ತೆಗೆದು ಪುಡಿ ಮಾಡಿದ್ದು. ಸಾಮಾನ್ಯವಾಗಿ 500 ಗ್ರಾಂ ಪ್ಯಾಕೆಟ್‌ನಲ್ಲಿ ಬರುತ್ತದೆ. ಸಕ್ಕರೆಗಿಂತ ಹಲವು ಪಟ್ಟು ದುಬಾರಿ.

ಮೋಸ ಏನಪ್ಪಾ ಅಂದರೆ, ಎಲ್ಲರೂ "ಸಕ್ಕರೆ ಬದಲು ಮಾಲ್ಟ್ ಹಾಕು" ಅನ್ನುತ್ತಾರೆ. ಹಾಕಿದರೆ ಬಿಯರ್ ರುಚಿಯಾಗುತ್ತದೆ, ನಿಜ. ಆದರೆ ಸ್ಟ್ರಾಂಗ್ ಆಗುವುದಿಲ್ಲ! 1 ಕೆಜಿ ಸಕ್ಕರೆ ತೆಗೆದು 1 ಕೆಜಿ ಮಾಲ್ಟ್ ಪುಡಿ ಹಾಕಿದರೆ ಶುರುವಿನ ಅಂಕಿ 38. ಕೊನೆಯ ಅಂಕಿ 7ರ ಬದಲು 10ರ ಹತ್ತಿರ ನಿಲ್ಲುತ್ತದೆ. ಆಲ್ಕೋಹಾಲ್ 3.7ಕ್ಕೆ ಇಳಿಯಿತು. ಬಾಯಿ ತುಂಬಿದ ಹಾಗೆ ಅನಿಸುವುದರಿಂದ ಸ್ಟ್ರಾಂಗ್ ಅಂದುಕೊಳ್ಳುತ್ತೇವೆ, ಅಷ್ಟೇ.

ಹೆಚ್ಚಬೇಕೆಂದರೆ ಮಾಲ್ಟ್ ಅನ್ನು ಮೇಲೆ ಸೇರಿಸಬೇಕು. ಚೀಟಿಯಲ್ಲಿ ಹೇಳಿದ 1 ಕೆಜಿ ಸಕ್ಕರೆ ಹಾಗೇ ಇಟ್ಟು 500 ಗ್ರಾಂ ಪುಡಿ ಸೇರಿಸಿದರೆ 5ರ ಹತ್ತಿರ ಬರುತ್ತದೆ. ಅಂದರೆ ಒಂದು ಪ್ಯಾಕೆಟ್‌ಗೆ ಶೇಕಡ 0.8. ಸಕ್ಕರೆಯಷ್ಟು ಏರಿಕೆ ಇಲ್ಲ, ಆದರೆ ಏರಿದ್ದಕ್ಕೆ ತಕ್ಕ ಮೈಕಟ್ಟೂ ಬರುತ್ತದೆ.

ಪುಡಿ ಹಾಕುವಾಗ ಹುಷಾರು. ಕುದಿಯುವ ನೀರಿನ ಮೇಲೆ ಪ್ಯಾಕೆಟ್ ಬಗ್ಗಿಸಿದರೆ ಹಬೆ ತಾಗಿದ ಕೂಡಲೇ ಪುಡಿ ಪ್ಯಾಕೆಟ್ ಬಾಯಲ್ಲೇ ಗಟ್ಟಿ ಮಿಠಾಯಿ ಆಗುತ್ತದೆ. ನನ್ನ ಮೊದಲ ಪ್ಯಾಕೆಟ್‌ನ ಕಾಲು ಭಾಗ ಮರದ ಸೌಟಿಗೆ ಅಂಟಿಕೊಂಡು, ಅದನ್ನು ಕೆರೆಯುವುದರಲ್ಲೇ ಅರ್ಧ ಗಂಟೆ ಹೋಯಿತು. ರಾಗಿ ಗಂಜಿಗೆ ಮಾಡುವ ಹಾಗೆ ಮಾಡಿ. ಮೊದಲು ತಣ್ಣೀರಲ್ಲಿ ಪುಡಿ ಕಲಸಿ, ಗಂಟಿಲ್ಲದ ಹಾಗೆ ಮಾಡಿಕೊಂಡು, ಆಮೇಲೆ ಬಿಸಿ ಮಾಡಿ.

ಕಡಿಮೆ ನೀರು: ನನ್ನ ಮತ ಇದಕ್ಕೆ

ಅತಿಥಿ ಜಾಸ್ತಿ ಬಂದರೆ ಸಾರಿಗೆ ನೀರು ಹಾಕುತ್ತೇವೆ. ಬರದಿದ್ದರೆ ಹಾಕಬೇಡಿ! ಮೊದಲ ಸಲ ಸ್ಟ್ರಾಂಗ್ ಮಾಡಹೊರಟವರಿಗೆ ನಾನು ಹೇಳುವುದು ಇಷ್ಟೇ. ಅದೇ ಡಬ್ಬಿ, ಅದೇ 1 ಕೆಜಿ ಸಕ್ಕರೆ, 23ರ ಬದಲು 18 ಲೀಟರ್. ಶುರುವಿನ ಅಂಕಿ 50 ಆಗುತ್ತದೆ. ಆಲ್ಕೋಹಾಲ್ 5.3. ಅರ್ಧ ಕೆಜಿ ಸಕ್ಕರೆ ಸುರಿದಾಗ ಬಂದಷ್ಟೇ ಏರಿಕೆ, ಆದರೆ ಈ ಸಲ ಬಣ್ಣ, ಕಹಿ, ಮಾಲ್ಟ್ ರುಚಿ ಎಲ್ಲವೂ ಒಂದೇ ಅಳತೆಯಲ್ಲಿ ಗಟ್ಟಿಯಾಗುತ್ತವೆ. ಡಬ್ಬಿ ಮಾಡಿದವರು ಕೂಡಿಸಿಟ್ಟ ಹದ ಕೆಡುವುದಿಲ್ಲ. ಹೊಸದಾಗಿ ಏನೂ ಕೊಳ್ಳಬೇಕಿಲ್ಲ.

ಕಳೆದುಕೊಳ್ಳುವುದು ಅರ್ಧ ಲೀಟರಿನ ಹತ್ತು ಬಾಟಲಿ. ಅದು ಕಡಿಮೆಯೇನಲ್ಲ, ಒಪ್ಪುತ್ತೇನೆ. ಆದರೆ ಕುಡಿಯಲು ಮನಸ್ಸಾಗದ 46 ಬಾಟಲಿಗಿಂತ, ಖಾಲಿಯಾಯಿತಲ್ಲ ಅಂತ ಬೇಜಾರಾಗುವ 36 ಬಾಟಲಿ ಮೇಲು.

ಧೈರ್ಯ ಸಾಲದಿದ್ದರೆ 20 ಲೀಟರ್ ಮಾಡಿ. 4.8 ಬರುತ್ತದೆ. 15ಕ್ಕಿಂತ ಕೆಳಗೆ ಇಳಿಸಬೇಡಿ. ಆಗ ಡಬ್ಬಿಯ ಕಹಿ ಅತಿಯಾಗುತ್ತದೆ, ಸಕ್ಕರೆ ಇನ್ನೂ ಎದ್ದು ಕಾಣುತ್ತದೆ.

ಎರಡು ಡಬ್ಬಿ: ಲೆಕ್ಕ ಹಾಕದೆ ಹೋದರೆ ಪೆಟ್ಟು

ಒಂದು ಡಬ್ಬಿ 4.2 ಕೊಟ್ಟರೆ ಎರಡು ಡಬ್ಬಿ 8.4 ಕೊಡಬೇಕಲ್ಲ? ನಾನೂ ಹಾಗೇ ಅಂದುಕೊಂಡಿದ್ದೆ. ಎರಡು ಡಬ್ಬಿ, ಸಕ್ಕರೆ ಇಲ್ಲ, 23 ಲೀಟರ್. ಶುರುವಿನ ಅಂಕಿ 44, ಕೊನೆಗೆ 12. ವ್ಯತ್ಯಾಸ ಮತ್ತೆ ಅದೇ 32. ಅಂದರೆ ಮತ್ತೆ ಅದೇ 4.2! ದುಡ್ಡು ಹತ್ತಿರ ಹತ್ತಿರ ಎರಡು ಪಟ್ಟು, ಹತ್ತುವುದು ಅಷ್ಟೇ. ರುಚಿ ಮಾತ್ರ ಬೇರೆಯೇ ಲೋಕದ್ದು, ಅದನ್ನು ಒಪ್ಪಲೇಬೇಕು.

ಎರಡು ಡಬ್ಬಿ ಜೊತೆ 1 ಕೆಜಿ ಸಕ್ಕರೆಯೂ ಹಾಕಿ 23 ಲೀಟರ್ ಮಾಡಿದರೆ 6.4 ಬರುತ್ತದೆ. ಸಕ್ಕರೆಯ ಪಾಲು ಕಾಲು ಭಾಗದಷ್ಟು. 500 ಗ್ರಾಂ ಸಕ್ಕರೆ ಹಾಕಿ 20 ಲೀಟರ್‌ಗೆ ನಿಲ್ಲಿಸಿದರೆ 6.1. ನನಗೆ ಈ ಎರಡನೆಯದು ಇಷ್ಟ.

ಈಗ ಕಹಿಯ ವಿಷಯ. ಪ್ರತಿ ಡಬ್ಬಿಯಲ್ಲೂ 23 ಲೀಟರ್‌ಗೆ ಸಾಕಾಗುವಷ್ಟು ಕಹಿ ಇದೆ. ಎರಡು ಸುರಿದರೆ ಕಹಿ ದುಪ್ಪಟ್ಟು. ಸ್ಟೌಟ್ ಆದರೆ ತಡೆದುಕೊಳ್ಳುತ್ತದೆ, ಹುರಿದ ಬಾರ್ಲಿಯ ಜೊತೆ ಚೆನ್ನಾಗಿಯೂ ಇರುತ್ತದೆ. ಕಹಿ ಜಾಸ್ತಿ ಇರುವ ಬಿಟರ್ ಕಿಟ್ ಎರಡು ಸೇರಿಸಿದರೆ ಹಾಗಲಕಾಯಿ ಗೊಜ್ಜು. ಉಪಾಯ ಇದೆ. ಹಾಪ್ಸ್ ಹಾಕದ ಬರೀ ಮಾಲ್ಟ್ ಪಾಕದ ಡಬ್ಬಿಯೂ ಸಿಗುತ್ತದೆ, 1.5 ಕೆಜಿಯದು. ಒಂದು ಕಿಟ್, ಒಂದು ಬರೀ ಪಾಕ ತೆಗೆದುಕೊಳ್ಳಿ.

ಇದರ ಉಲ್ಟಾ ಸಮಸ್ಯೆಯೂ ಇದೆ. ಹಾಪ್ಸ್ ಇಲ್ಲದ ಮಾಲ್ಟ್ ತುಂಬಾ ಸೇರಿಸಿದರೆ ಕಹಿ ಸಾಲದೆ ಬಿಯರ್ ಪಾನಕದ ಕಡೆ ವಾಲುತ್ತದೆ. ಆಗ 20 ಗ್ರಾಂ ಫಗಲ್ ಅಥವಾ ಗೋಲ್ಡಿಂಗ್ಸ್ ಹಾಪ್ಸ್ ತಂದು, ಒಂದು ಲೀಟರ್ ನೀರಿಗೆ ಒಂದು ಹಿಡಿ ಮಾಲ್ಟ್ ಪುಡಿ ಹಾಕಿ, ಇಪ್ಪತ್ತು ನಿಮಿಷ ಕಷಾಯದ ತರಹ ಕುದಿಸಿ, ಸೋಸಿ ಬಕೆಟ್‌ಗೆ ಹಾಕಿ.

ಅಂಗಡಿಯಲ್ಲೇ 3 ಕೆಜಿ, 3.6 ಕೆಜಿ ಪಾಕದ ದುಬಾರಿ ಕಿಟ್ ಸಿಗುತ್ತವೆ. ಕಹಿಯ ಹದ ಅವರೇ ನೋಡಿಕೊಂಡಿರುತ್ತಾರೆ, ಬಹಳಷ್ಟಕ್ಕೆ ಸಕ್ಕರೆಯೂ ಬೇಕಿಲ್ಲ. ತಲೆ ಕೆಡಿಸಿಕೊಳ್ಳಲು ಇಷ್ಟವಿಲ್ಲದವರು ಅದನ್ನೇ ತಂದು ಎರಡು ಮೂರು ಲೀಟರ್ ನೀರು ಕಡಿಮೆ ಹಾಕಿ. 5 ದಾಟುವುದು ಕಷ್ಟವೇನಲ್ಲ.

ಕ್ರಿಸ್ಟಲ್ ಮಾಲ್ಟ್ ಕಾಳನ್ನು ಬಿಸಿನೀರಲ್ಲಿ ನೆನೆಸಿ ಆ ನೀರು ಹಾಕುವವರೂ ಇದ್ದಾರೆ. ಬಣ್ಣಕ್ಕೆ, ರುಚಿಗೆ ಒಳ್ಳೆಯದು. ಸ್ಟ್ರಾಂಗ್ ಮಾಡಲು ಅದರಿಂದ ಪ್ರಯೋಜನ ಕಡಿಮೆ.

ಈಸ್ಟ್ ಮತ್ತು ಬಾಯ್ಲರ್ ಕಪಾಟು

ಮೇಲಿನ ಯಾವ ದಾರಿ ಹಿಡಿದರೂ ಕೆಲಸ ಮಾಡಬೇಕಾದ್ದು ಈಸ್ಟ್. ಕಿಟ್ ಮುಚ್ಚಳದ ಕೆಳಗೆ ಇರುವ ಪುಟ್ಟ ಪ್ಯಾಕೆಟ್ 5ರಿಂದ 7 ಗ್ರಾಂ ಇರುತ್ತದೆ. 4ರ ಬಿಯರಿಗೆ ಸಾಕು. ಶುರುವಿನ ಅಂಕಿ 50 ದಾಟಿದರೆ 11 ಗ್ರಾಂನ ಒಳ್ಳೆ ಪ್ಯಾಕೆಟ್ ತನ್ನಿ. ಎಸ್-04, ಯುಎಸ್-05, ನಾಟಿಂಗ್‌ಹ್ಯಾಮ್, ಯಾವುದಾದರೂ ಆದೀತು. 70 ದಾಟಿದರೆ ಎರಡು ಪ್ಯಾಕೆಟ್. ಎರಡು ಡಬ್ಬಿ ಹಾಕಿದ್ದರೆ ಎರಡರ ಈಸ್ಟನ್ನೂ ಹಾಕುವುದು ಕನಿಷ್ಠ. ಕಡಿಮೆ ಈಸ್ಟ್ ಹಾಕಿದರೆ ಅದು ಅರ್ಧ ದಾರಿಯಲ್ಲಿ ಸುಸ್ತಾಗಿ ಮಲಗುತ್ತದೆ. ಅಂಕಿ 20ರ ಹತ್ತಿರ ನಿಂತು ಬಿಡುತ್ತದೆ.

ಈಸ್ಟ್ ಹಾಕುವ ಮುಂಚೆ ಬಕೆಟ್‌ನಲ್ಲಿ ಇರುವುದನ್ನು ನೊರೆ ಬರುವಂತೆ ಜೋರಾಗಿ ಕಡೆಯಿರಿ. ಆ ಹೊತ್ತಿನಲ್ಲಿ ಈಸ್ಟ್‌ಗೆ ಗಾಳಿ ಬೇಕು. ಆಮೇಲೆ ಬೇಡವೇ ಬೇಡ. ಕಡೆಯುವುದರಿಂದ ಇನ್ನೊಂದು ಲಾಭ ಇದೆ. ತಳದಲ್ಲಿ ಪಾಕ, ಮೇಲೆ ನೀರು ಅಂತ ಪದರ ನಿಂತರೆ ಹೈಡ್ರೋಮೀಟರ್ ಸುಳ್ಳು ಹೇಳುತ್ತದೆ.

ಈಗ ನನ್ನ ದೊಡ್ಡ ತಪ್ಪು. ಇಂಗ್ಲೆಂಡಿನ ಚಳಿಯಲ್ಲಿ ದೋಸೆ ಹಿಟ್ಟು ಹುದುಗು ಬರಬೇಕಾದರೆ ನಾವು ಅದನ್ನು ಬಾಯ್ಲರ್ ಇರುವ ಕಪಾಟಿನಲ್ಲಿ ಇಡುತ್ತೇವೆ. ಬಿಯರಿಗೂ ಅದೇ ಜಾಗ ಅಂತ ನನ್ನ ಬುದ್ಧಿ ಹೇಳಿತು. ಬಕೆಟ್ ಒಳಗಿಟ್ಟು ಬಾಗಿಲು ಹಾಕಿದೆ. ಮಾರನೇ ದಿನ ಮುಚ್ಚಳದ ಮೇಲಿನ ಏರ್‌ಲಾಕ್ (ಒಳಗಿನ ಗ್ಯಾಸ್ ಹೊರಬಿಟ್ಟು ಗಾಳಿ ಒಳಬಿಡದ ಪುಟ್ಟ ಕೊಳವೆ) ಟಕಟಕ ಅಂತ ಕುಣಿಯುತ್ತಿತ್ತು, ಖುಷಿಯಾಯಿತು. ಸಂಜೆ ಹೊತ್ತಿಗೆ ನೊರೆ ಉಕ್ಕಿ, ಮುಚ್ಚಳ ಎದ್ದು, ಕೆಳಗಿನ ಹಲಗೆಯ ಟವೆಲುಗಳೆಲ್ಲ ಕಂದು. ಹೆಂಡತಿ ಕಪಾಟು ತೆರೆದು, "ರೀ, ಇದು ಏನ್ರೀ ಬಣ್ಣದಂಗಡಿ ವಾಸನೆ?" ಅಂದಳು. ಥರ್ಮಾಮೀಟರ್ 28 ಡಿಗ್ರಿ ತೋರಿಸುತ್ತಿತ್ತು.

ಈಸ್ಟ್ ತಿನ್ನುವಾಗ ತಾನೇ ಶಾಖ ಹುಟ್ಟಿಸುತ್ತದೆ. ಸಕ್ಕರೆ ಜಾಸ್ತಿ ಇದ್ದಷ್ಟೂ ಶಾಖ ಜಾಸ್ತಿ. ಬಿಸಿ ಮಿತಿ ಮೀರಿದರೆ ಈಸ್ಟ್ ಭಾರಿ ಆಲ್ಕೋಹಾಲ್‌ಗಳನ್ನು ಹೆಚ್ಚು ಹುಟ್ಟಿಸುತ್ತದೆ. ಉಗುರು ಬಣ್ಣದ ವಾಸನೆಯೂ ಬರುತ್ತದೆ. ಗಂಟಲು ಸುಡುವುದು, ಬೆಳಗ್ಗೆ ತಲೆ ಹಿಡಿಯುವುದು ಎಲ್ಲ ಆ ಬಕೆಟ್ಟಿನದೇ ಕೊಡುಗೆ ಅನಿಸಿತು ನನಗೆ. 'ಸಕ್ಕರೆ ಹಾಕಿದ್ದಕ್ಕೇ ಹೀಗಾಯಿತು' ಅಂತ ಜನ ಬೈಯುವ ಎಷ್ಟೋ ಬಿಯರ್‌ಗಳಲ್ಲಿ ಅಸಲಿ ತಪ್ಪು ಈ ಬಿಸಿಯದೇ ಇರುತ್ತದೆ. 18ರಿಂದ 20 ಡಿಗ್ರಿ ಸಾಕು. ನಾನೀಗ ಮೆಟ್ಟಿಲ ಕೆಳಗೆ ಇಡುತ್ತೇನೆ. ದೋಸೆ ಹಿಟ್ಟು ಮಾತ್ರ ಬಾಯ್ಲರ್ ಕಪಾಟಿನಲ್ಲಿ.

ಬಕೆಟ್‌ನಲ್ಲಿ ಮೇಲೆ ಜಾಗವನ್ನೂ ಬಿಡಿ. ಸ್ಟ್ರಾಂಗ್ ಬಿಯರ್ ಜಾಸ್ತಿ ನೊರೆ ಏಳಿಸುತ್ತದೆ. 18 ಲೀಟರ್ ಮಾಡಿದರೆ ಈ ತಲೆನೋವೂ ತಾನಾಗಿಯೇ ಕಡಿಮೆ.

ಬಾಟಲಿಗೆ ಯಾವಾಗ?

ಏರ್‌ಲಾಕ್ ನಿಂತಿದೆ ಅಂತ ಬಾಟಲಿಗೆ ತುಂಬಬೇಡಿ. ಎರಡು ಮೂರು ದಿನ ಬಿಟ್ಟು ಬಿಟ್ಟು ಹೈಡ್ರೋಮೀಟರ್ ನೋಡಿ, ಅಂಕಿ ಒಂದೇ ಇರಬೇಕು. ಅದೂ ನೀವು ಲೆಕ್ಕ ಹಾಕಿದ್ದರ ಹತ್ತಿರ ಇರಬೇಕು. 20ರಲ್ಲಿ ನಿಂತಿದ್ದರೆ ಮುಗಿದಿಲ್ಲ, ಈಸ್ಟ್ ಮಲಗಿದೆ ಅಷ್ಟೇ. ಬಕೆಟ್ ಮೆಲ್ಲಗೆ ತಿರುಗಿಸಿ, ಒಂದೆರಡು ಡಿಗ್ರಿ ಬೆಚ್ಚಗೆ ಮಾಡಿ, ಕಾಯಿರಿ. ಮಲಗಿದ ಈಸ್ಟ್ ಬಾಟಲಿಯೊಳಗೆ ಎದ್ದರೆ ಗಾಜು ಸಿಡಿಯುತ್ತದೆ. ಇದು ತಮಾಷೆಯ ಮಾತಲ್ಲ. ಗ್ಯಾಸ್ ಬರಲು ಅರ್ಧ ಲೀಟರ್ ಬಾಟಲಿಗೆ ಅರ್ಧ ಟೀ ಚಮಚ ಸಕ್ಕರೆ ಸಾಕು. ಬಿಯರ್ ಸ್ಟ್ರಾಂಗ್ ಅಂತ ಇದನ್ನು ಜಾಸ್ತಿ ಮಾಡಬೇಡಿ.

4ರ ಬಿಯರ್ ಮೂರ್ನಾಲ್ಕು ವಾರಕ್ಕೆ ಕುಡಿಯಲು ಬರುತ್ತದೆ. 6 ದಾಟಿದ್ದಕ್ಕೆ ಎರಡು ಮೂರು ತಿಂಗಳು ಕೊಡಿ. ಸ್ಟೌಟ್ ಆರು ತಿಂಗಳಿಗೆ ಇನ್ನೂ ಚೆನ್ನಾಗುತ್ತದೆ. ಉಪ್ಪಿನಕಾಯಿ ಜಾಡಿ ಅಟ್ಟದ ಮೇಲಿಟ್ಟು ಮರೆಯುತ್ತಾರಲ್ಲ, ಹಾಗೆ ಮರೆಯಿರಿ.

ಇಷ್ಟೆಲ್ಲ ಆದ ಮೇಲೆ ನಾನು ಈಗ ಪದೇ ಪದೇ ಮಾಡುವುದು ಹೀಗೆ: ಸ್ಟೌಟ್ ಕಿಟ್ ಒಂದು ಡಬ್ಬಿ, ಮಾಲ್ಟ್ ಪುಡಿ 1 ಕೆಜಿ, ಬೆಲ್ಲ 500 ಗ್ರಾಂ, ಎಲ್ಲ ಸೇರಿ 18 ಲೀಟರ್. ಡಬ್ಬಿಯ ಈಸ್ಟ್ ಬದಲು 11 ಗ್ರಾಂ ಪ್ಯಾಕೆಟ್. ಬೆಲ್ಲದ ಪಾಕವನ್ನು ಮೊದಲ ದಿನ ಹಾಕುವುದಿಲ್ಲ. ಮೂರನೇ ದಿನ, ಈಸ್ಟ್ ಮಾಲ್ಟ್ ತಿನ್ನುತ್ತಾ ಜೋರಾಗಿರುವಾಗ, ಆರಿಸಿ ಮೆಲ್ಲಗೆ ಸುರಿಯುತ್ತೇನೆ. ಶುರುವಿನಲ್ಲೇ ಎಲ್ಲ ಸಿಹಿ ಒಟ್ಟಿಗೆ ಸಿಕ್ಕಿದರೆ ಈಸ್ಟ್‌ಗೆ ಭಾರವಾಗುತ್ತದೆ. ಕೊನೆಗೆ ಶೇಕಡ 6.

ಇದನ್ನು ಮೊದಲ ಸಲ ಮಾಡಿದಾಗ ಆ ಗೆಳೆಯನನ್ನೇ ಕರೆದಿದ್ದೆ. ಹಳೆಯ 4ರ ಬಾಟಲಿಗಳೂ ಅದೇ ಕ್ರೇಟ್‌ನಲ್ಲಿದ್ದವು, ಒಂದರ ಮೇಲೂ ಚೀಟಿ ಇರಲಿಲ್ಲ. 4ರ ಅರ್ಧ ಲೀಟರ್ ಅಂದರೆ ಇಲ್ಲಿನ ಆರೋಗ್ಯ ಇಲಾಖೆಯ ಲೆಕ್ಕದಲ್ಲಿ 2 ಯೂನಿಟ್, 6ರದ್ದಾದರೆ 3. ವಾರಕ್ಕೆ 14 ದಾಟಬೇಡಿ ಅನ್ನುತ್ತಾರೆ. ಅವನು ಹಳೆಯದು ಅಂದುಕೊಂಡು ಒಂದರ ಹಿಂದೆ ಒಂದು ಹೊಸದನ್ನೇ ನಾಲ್ಕು ತೆರೆದ. ಕೊನೆಯ ರೈಲಿಗೆ ಹೋಗಬೇಕಿದ್ದವನು ನಮ್ಮ ಸೋಫಾ ಮೇಲೆ ಬೆಳಗಿನವರೆಗೆ ಬೂಟು ಹಾಕಿಕೊಂಡೇ ಮಲಗಿದ್ದ. ಅಂದಿನಿಂದ ಪ್ರತಿ ಮುಚ್ಚಳದ ಮೇಲೆ ಮಾರ್ಕರ್‌ನಲ್ಲಿ ಬರೆಯುತ್ತೇನೆ: ಬೆಲ್ಲ, 6.0, ಅಕ್ಟೋಬರ್.